ಕಡಲ ಮೀನಿಗೆ ಕಾಳು ಸುರಿದರೆ ಸಾಲದು

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಕುರಿತು ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಒಂದು ಲೀಟರ್ ನೀರಿಗೆ ಸುಮಾರು 35 ಗ್ರಾಂ ಮರೈನ್ ಸಾಲ್ಟ್ ಬೆರೆಸಬೇಕೆಂಬುದು, ಆವಿಯಾದಷ್ಟು ನೀರನ್ನು ಉಪ್ಪಿಲ್ಲದ ಆರ್‌ಒ ನೀರಿನಿಂದಲೇ ತುಂಬಬೇಕೆಂಬುದು, ತೊಟ್ಟಿ ಹದಕ್ಕೆ ಬರುವ ಮುನ್ನ ಮೀನು ಬಿಡಬಾರದೆಂಬುದು ಎಲ್ಲವೂ ಸರಿಯಾಗಿಯೇ ಇವೆ. ನನ್ನ ತಕರಾರು ಲೇಖನದ ಕೊನೆಯಲ್ಲಿರುವ ಚೌಕಟ್ಟಿನ ಬಗ್ಗೆ. ಅಲ್ಲಿ ಕ್ಲೌನ್, ಡ್ಯಾಮ್ಸೆಲ್, ಕಾಪರ್‌ಬ್ಯಾಂಡ್ ಬಟರ್‌ಫ್ಲೈ, ಮ್ಯಾಂಡರಿನ್ ಎಂಬ ನಾಲ್ಕು ಮೀನುಗಳ ಹೆಸರು ಕೊಟ್ಟು, ನಾಲ್ಕರ ಮುಂದೆಯೂ ‘ಆಹಾರ: ದಿನಕ್ಕೆರಡು ಬಾರಿ ಸಿದ್ಧ ಕಾಳು’ ಎಂಬ ಒಂದೇ ಸಾಲನ್ನು ಅಚ್ಚು ಮಾಡಲಾಗಿದೆ. ಮೊದಲಿನ ಎರಡಕ್ಕೆ ಈ ಮಾತು ಒಪ್ಪುತ್ತದೆ. ಉಳಿದೆರಡನ್ನು ಈ ಸಾಲನ್ನೇ ನಂಬಿ ಯಾರಾದರೂ ಮನೆಗೆ ತಂದರೆ, ಅವು ಕೆಲವೇ ವಾರಗಳಲ್ಲಿ ಹಸಿವಿನಿಂದ ಸಾಯುವ ಸಂಭವವೇ ಹೆಚ್ಚು. ವಾಚಕರ ಅಂಕಣದ ಅಳತೆಯನ್ನು ಈ ಪತ್ರ ಮೀರುತ್ತದೆಂದು ಬಲ್ಲೆ. ವಿಷಯ ಒಂದೆರಡು ಸಾಲಿಗೆ ಮುಗಿಯುವಂಥದ್ದಲ್ಲವಾದ್ದರಿಂದ ಕ್ಷಮೆಯಿರಲಿ.

ಈ ಮಾತನ್ನು ನಾನು ಕಲಿತದ್ದು ಒಂದು ಮೀನನ್ನು ಕಳೆದುಕೊಂಡು. ಮೂರು ವರ್ಷಗಳ ಹಿಂದೆ, ಮನೆಯವರ ಅರೆಮನಸ್ಸಿನ ಒಪ್ಪಿಗೆ ಪಡೆದು, ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಈ ಹುಚ್ಚಿಗೆ ಸುರಿದು, 300 ಲೀಟರಿನ ತೊಟ್ಟಿ ಕಟ್ಟಿಸಿ, ಹತ್ತೂವರೆ ಕಿಲೋ ಉಪ್ಪು ಕರಗಿಸಿ, ಮೂರು ತಿಂಗಳು ಕಾದು, ಎರಡು ಕ್ಲೌನ್ ಮೀನುಗಳ ಜೊತೆಗೆ ಬೆಂಗಳೂರಿನ ಒಂದು ಅಂಗಡಿಯಿಂದ ಕಾಪರ್‌ಬ್ಯಾಂಡ್ ಒಂದನ್ನು ತಂದೆ. ಬೆಳ್ಳಿಬಿಳುಪಿನ ಮೈಮೇಲೆ ಕಿತ್ತಳೆ ಬಣ್ಣದ ಉದ್ದುದ್ದ ಪಟ್ಟೆಗಳು, ಬೆನ್ನಿನ ಈಜುರೆಕ್ಕೆಯ ಹಿಂಭಾಗದಲ್ಲಿ ಕಣ್ಣೆಂದು ಭ್ರಮೆ ಹುಟ್ಟಿಸುವ ಕಪ್ಪು ಬೊಟ್ಟು, ಗಡಿಯಾರ ರಿಪೇರಿಯವರ ಚಿಮಟದಂತೆ ಮುಂಚಾಚಿದ ಮೂತಿ. ನೋಡಿದವರು ಬಿಟ್ಟು ಬರಲಾರರು. ಏನು ಹಾಕಬೇಕೆಂದು ಕೇಳಿದಾಗ ಅಂಗಡಿಯಾತ, “ಎರಡು ದಿನ ಬಿಡಿ ಸಾರ್, ಹಸಿವಾದ್ರೆ ತಾನೇ ತಿನ್ನುತ್ತೆ” ಎಂದು ಪೆಲೆಟ್, ಅಂದರೆ ಸಿದ್ಧ ಕಾಳಿನ ಡಬ್ಬಿಯೊಂದನ್ನು ಕೈಗಿತ್ತ. ಆಕ್ಸಿಜನ್ ತುಂಬಿದ ಪಾಲಿಥಿನ್ ಚೀಲದಲ್ಲಿ ಕೂತು ಅದು ಹೆದ್ದಾರಿಯುದ್ದಕ್ಕೂ ದಾವಣಗೆರೆಯವರೆಗೆ ಬಂತು. ಬಂದದ್ದು ತಿನ್ನಲಿಲ್ಲ. ಕಾಳುಗಳು ಮೂತಿಯ ಪಕ್ಕದಲ್ಲೇ ಇಳಿದು ಹೋಗುತ್ತಿದ್ದರೂ ಒಮ್ಮೆಯೂ ಅತ್ತ ತಿರುಗಲಿಲ್ಲ. ಇಡೀ ದಿನ ಕಲ್ಲುಗಳನ್ನು ಕುಟುಕುತ್ತಲೇ ಇರುತ್ತಿದ್ದುದರಿಂದ ಏನೋ ತಿನ್ನುತ್ತಿದೆ ಎಂದೇ ನಾನು ನಂಬಿದ್ದೆ. ಹನ್ನೆರಡನೆಯ ದಿನ ಹೊಟ್ಟೆ ಒಳಕ್ಕೆ ಹೋಗಿತ್ತು. ಆಮೇಲೆ ತಲೆಯ ಹಿಂದಿನ ಬೆನ್ನಿನ ಮಾಂಸ ಕರಗಿ ಅಲಗಿನಂತಾಯಿತು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅದು ಫಿಲ್ಟರಿನ ಬಾಯಿಗೆ ಅಂಟಿಕೊಂಡು ಸತ್ತಿತ್ತು. ಇಂದಾದರೂ ತಿಂದೀತೆಂದು ನಾನು ದಿನದಿನವೂ ಹೆಚ್ಚೆಚ್ಚು ಸುರಿದ ಕಾಳು ಸಂದಿಗೊಂದಿಗಳಲ್ಲಿ ಕೊಳೆತು ಅಮೋನಿಯ ಏರಿ, ಚೆನ್ನಾಗಿ ತಿಂದುಂಡು ಇದ್ದ ಕ್ಲೌನ್ ಮೀನುಗಳೂ ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡತೊಡಗಿದ್ದವು.

ಹಸಿವಾದರೆ ತಾನೇ ತಿನ್ನುತ್ತದೆ ಎಂಬುದು ನಾಯಿಗೋ ಹಸುವಿಗೋ ಸರಿಹೋದೀತು. ಕಾಪರ್‌ಬ್ಯಾಂಡ್ ಅಂಡಮಾನ್ ಸಮುದ್ರದಿಂದ ಆಸ್ಟ್ರೇಲಿಯಾದವರೆಗಿನ ಹವಳದ ದಿಬ್ಬಗಳಲ್ಲಿ, ಕಲ್ಲಿನ ಬಿರುಕುಗಳೊಳಗೆ ಮೂತಿ ತೂರಿಸಿ ಹುಳುಗಳನ್ನೂ ಸೀಗಡಿಯ ಜಾತಿಯ ಸಣ್ಣಪುಟ್ಟ ಜೀವಿಗಳನ್ನೂ ಹೆಕ್ಕಿ ತಿಂದು ಬದುಕುವ ಮೀನು. ಅದು ಆಹಾರವೆಂದು ಬಲ್ಲದ್ದು ಕಲ್ಲಿಗೆ ಅಂಟಿಕೊಂಡು ಮಿಸುಕುವುದನ್ನು. ಮೇಲಿನಿಂದ ಉದುರುವ ಕಂದು ಗುಂಡು ಅದರ ಲೆಕ್ಕದಲ್ಲಿ ಮರಳಿನ ಹರಳು. ನಮ್ಮೂರಿನ ಹಾಸ್ಟೆಲುಗಳಿಗೆ ಕರಾವಳಿಯಿಂದ ಬಂದ ಹುಡುಗರು ಮೊದಲ ವಾರ ಜೋಳದ ರೊಟ್ಟಿಯ ತಟ್ಟೆಯನ್ನು ದೂರ ಸರಿಸಿ ಮನೆಯ ಕುಚ್ಚಲಕ್ಕಿ ಗಂಜಿಯನ್ನು ನೆನೆಯುವುದನ್ನು ನಾನು ಶಿಕ್ಷಕನಾಗಿ ಬಹಳ ಕಂಡಿದ್ದೇನೆ. ಆದರೆ ಆ ಹುಡುಗರಿಗೆ ರೊಟ್ಟಿ ತಿನ್ನುವ ವಸ್ತುವೆಂಬುದಾದರೂ ಗೊತ್ತಿರುತ್ತದೆ. ಇದರ ಜೊತೆಗೆ, ಚೀಲದ ನೀರು ಕೆಡಬಾರದೆಂದು ಸಾಗಣೆಗೆ ಮುನ್ನ ಮೀನುಗಳನ್ನು ಒಂದೆರಡು ದಿನ ಉಪವಾಸ ಕೆಡವುವುದು ಈ ವ್ಯಾಪಾರದ ರೂಢಿ. ಕಡಲಿನಿಂದ ನಮ್ಮ ಹಜಾರಕ್ಕೆ ಬರುವಷ್ಟರಲ್ಲಿ ಮೂರ್ನಾಲ್ಕು ಕೈ ಬದಲಾದರೆ ಅಷ್ಟು ಸಲ ಉಪವಾಸ. ಹಾಗೆ ಬಂದ ಮೀನನ್ನು ಮತ್ತೆ ಎರಡು ದಿನ ಹಸಿದಿರಲಿ ಎಂದು ಬಿಡುವುದು ಅದರ ಉಳಿದ ಶಕ್ತಿಯನ್ನೂ ಕಿತ್ತುಕೊಂಡಂತೆ.

ವರ್ಷ ಕಳೆದ ಮೇಲೆ ಎರಡನೆಯ ಕಾಪರ್‌ಬ್ಯಾಂಡ್ ತರಲು ಬೇರೊಂದು ಅಂಗಡಿಗೆ ಹೋದಾಗ, ಹಣ ಕೊಡುವ ಮೊದಲು ನನ್ನೆದುರಿಗೆ ಅದಕ್ಕೆ ಏನಾದರೂ ತಿನ್ನಿಸಿ ತೋರಿಸಬೇಕೆಂದು ಕೇಳಿದೆ. ಅಂಗಡಿಯ ಹುಡುಗ ನಕ್ಕನಾದರೂ ಜೀವಂತ ಆರ್ಟೀಮಿಯವನ್ನು ತಂದು ಬಿಟ್ಟ. ಮೂರು ಮೀನುಗಳಲ್ಲಿ ಒಂದು ಮಾತ್ರ ಬೆನ್ನಟ್ಟಿ ಹೆಕ್ಕಿತು. ಅದನ್ನೇ ಆರಿಸಿ ತಂದೆ. ಆ ಐದು ನಿಮಿಷ ನನಗೆ ಉಳಿಸಿಕೊಟ್ಟದ್ದನ್ನು ಮುಂದಿನ ಯಾವ ಉಪಚಾರವೂ ಉಳಿಸಿಕೊಡಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆರ್ಟೀಮಿಯವೆಂದರೆ ಉಪ್ಪು ಸರೋವರಗಳಲ್ಲಿ ಬೆಳೆಯುವ ಸೀಗಡಿಯಂಥ ಪುಟ್ಟ ಜೀವಿ. ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್ ಸರೋವರದಿಂದ ಸಂಗ್ರಹಿಸಿದ ಅದರ ಒಣಮೊಟ್ಟೆಗಳು ಡಬ್ಬಿಗಳಲ್ಲಿ ಮಾರಾಟಕ್ಕೆ ಸಿಗುತ್ತವೆ. ಉಪ್ಪುನೀರಿನ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ ತಳದಿಂದ ಗಾಳಿ ಬಿಟ್ಟರೆ, 28 ಡಿಗ್ರಿಯ ಆಸುಪಾಸಿನಲ್ಲಿ ಒಂದು ದಿನಕ್ಕೆ ಮೊಟ್ಟೆಯೊಡೆದು ಮರಿಗಳು ಬರುತ್ತವೆ. ದಾವಣಗೆರೆಯ ಏಪ್ರಿಲಿನಲ್ಲಿ ಇದಕ್ಕೆ ಹೀಟರೇ ಬೇಡ; ಡಿಸೆಂಬರಿನಲ್ಲಿ ಒಂದೂವರೆ ದಿನ ಹಿಡಿಯುತ್ತದೆ. ಗಾಳಿ ನಿಲ್ಲಿಸಿ ಒಂದು ಪಕ್ಕದಲ್ಲಿ ಟಾರ್ಚ್ ಹಿಡಿದರೆ ಮರಿಗಳು ಬೆಳಕಿನತ್ತ ಬಂದು ಕಿತ್ತಳೆ ಮೋಡದಂತೆ ಗುಂಪುಗೂಡುತ್ತವೆ, ಜೀರ್ಣವಾಗದ ಮೊಟ್ಟೆಯ ಸಿಪ್ಪೆ ಮೇಲೆ ತೇಲುತ್ತದೆ. ಸಿಪ್ಪೆ ಬಾರದಂತೆ ಮರಿಗಳನ್ನಷ್ಟೇ ಎಳೆದುಕೊಳ್ಳಬೇಕು. ಅವನ್ನು ಬಕೆಟ್ಟಿನಲ್ಲಿ ಸ್ಪಿರುಲಿನಾ ಎಂಬ ಪಾಚಿಯ ಪುಡಿ ಹಾಕಿ ಎರಡು ಮೂರು ವಾರ ಸಾಕಿದರೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತವೆ. ನನ್ನ ಮೀನಿನ ಮೊದಲ ಹತ್ತು ದಿನದ ಊಟ ಇದೇ. ಆದರೆ ಬೆಳೆದ ಆರ್ಟೀಮಿಯದಲ್ಲಿ ಹುರುಳು ಕಡಿಮೆ. ಮಂಡಕ್ಕಿ ತಿಂದು ಹೊಟ್ಟೆ ತುಂಬಿಸಿಕೊಂಡಂತೆ. ಬಾಯಿ ಬಿಡಿಸಲು ಅದು ಸಾಕು, ಮೈ ತುಂಬಿಕೊಳ್ಳಲು ಸಾಲದು.

ಹತ್ತು ದಿನದ ಬಳಿಕ ಅದಕ್ಕೆ ಮೈಸಿಸ್ ಸೀಗಡಿಯನ್ನು ಬೆರೆಸತೊಡಗಿದೆ. ಇದು ಹೆಪ್ಪುಗಟ್ಟಿಸಿದ ಬಿಲ್ಲೆಗಳ ರೂಪದಲ್ಲಿ ಬರುತ್ತದೆ. ಒಂದು ಬಿಲ್ಲೆಯನ್ನು ತೊಟ್ಟಿಯದೇ ನೀರಿನಲ್ಲಿ ಕರಗಿಸಿ, ಪಂಪ್ ನಿಲ್ಲಿಸಿ, ಸೂಜಿ ತೆಗೆದ ಸಿರಿಂಜಿಗೆ ಸಪೂರ ನಳಿಕೆ ಸಿಕ್ಕಿಸಿಕೊಂಡು, ಕಲ್ಲಿನ ಬಿರುಕಿನ ಬಾಯಲ್ಲಿ ಸ್ವಲ್ಪಸ್ವಲ್ಪವೇ ಬಿಡಬೇಕು; ನೀರಿನ ಅಲುಗಾಟಕ್ಕೆ ಅದು ಜೀವವಿದ್ದಂತೆ ತೊನೆಯುತ್ತದೆ. ಮೊದಲ ಸಲ ಮೀನು ಅದನ್ನು ಬಾಯಿಗೆಳೆದುಕೊಂಡು ಉಗುಳಿತು. ಮತ್ತೆ ಎಳೆದುಕೊಂಡು ಮತ್ತೆ ಉಗುಳಿತು. ಇಲ್ಲಿ ಧೈರ್ಯಗೆಡುವವರೇ ಹೆಚ್ಚು. ವಾಸ್ತವದಲ್ಲಿ ಉಗುಳುವುದು ಒಳ್ಳೆಯ ಸೂಚನೆ. ನೋಡಿಯೂ ನೋಡದಂತೆ ಹೋಗುತ್ತಿದ್ದ ಮೀನು ಈಗ ರುಚಿ ನೋಡುತ್ತಿದೆ ಎಂದರ್ಥ. ನಾಲ್ಕನೆಯ ದಿನ ನುಂಗಿತು. ಒಮ್ಮೆ ಕರಗಿದ ಬಿಲ್ಲೆಯನ್ನು ಮತ್ತೆ ಫ್ರೀಜರಿಗೆ ಸೇರಿಸಬಾರದು. ಬೇಸಿಗೆಯಲ್ಲಿ ಕರೆಂಟು ತಾಸುಗಟ್ಟಲೆ ಹೋದ ದಿನಗಳಲ್ಲಿ ನಾನು ದುಬಾರಿ ಪೊಟ್ಟಣಗಳನ್ನೇ ಎಸೆದಿದ್ದೇನೆ.

ಆದರೂ ನಮ್ಮ ಊರಿನಂಥ ಒಳನಾಡಿನಲ್ಲಿ ವರ್ಷವಿಡೀ ಮೈಸಿಸ್ ತರಿಸುವುದು ನೆಚ್ಚಬಹುದಾದ ಏರ್ಪಾಡಲ್ಲ. ಸಿದ್ಧ ಕಾಳಿಗೆ ಮೀನನ್ನು ಒಗ್ಗಿಸುವುದು ಅನಿವಾರ್ಯ. ನನಗೆ ದಾರಿ ತೋರಿಸಿದ್ದು ಮರುವಾಯಿ ಎಂಬ ಕರಾವಳಿಯ ಚಿಪ್ಪುಜೀವಿ. ಉಡುಪಿಯಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ರಾತ್ರಿ ಬಸ್ಸಿಗೆ ಕಳಿಸುತ್ತಿದ್ದ. ಮೊಟ್ಟೆಯೂ ಒಳಗೆ ಬಾರದ ನಮ್ಮ ಮನೆಯಲ್ಲಿ ಆ ಪೆಟ್ಟಿಗೆ ಎಬ್ಬಿಸಿದ ಗದ್ದಲವನ್ನು ಇಲ್ಲಿ ವಿವರಿಸುವುದಿಲ್ಲ. ಅಡುಗೆಮನೆಯ ಫ್ರಿಜ್ಜಿಗೆ ಅದು ಪ್ರವೇಶ ಪಡೆಯಲಿಲ್ಲ, ಮಹಡಿಯ ಮೆಟ್ಟಿಲ ಕೆಳಗೆ ಹಳೆಯದೊಂದು ಪುಟ್ಟ ಫ್ರಿಜ್ಜು ಬಂತು ಎಂದಷ್ಟೇ ಹೇಳಿದರೆ ಸಾಕು. ಚಿಪ್ಪು ಬಿಡಿಸಿದ ಮರುವಾಯಿಯನ್ನು ಕಲ್ಲುಗಳ ನಡುವೆ ಸಿಕ್ಕಿಸಿಟ್ಟರೆ ಕಾಪರ್‌ಬ್ಯಾಂಡ್ ಅದರ ಮುಂದೆ ತಲೆಕೆಳಗಾಗಿ ನಿಂತು ಮಾಂಸವನ್ನು ಎಳೆಎಳೆಯಾಗಿ ಕಿತ್ತು ತಿನ್ನುತ್ತದೆ. ಅದರ ಮೂತಿ ಇಂಥ ಕೆಲಸಕ್ಕೆಂದೇ ರೂಪುಗೊಂಡದ್ದು. ಒಂದು ವಾರದಲ್ಲಿ ಚಿಪ್ಪು ಕಂಡರೆ ಊಟ ಬಂತೆಂದು ಅದು ಓಡಿ ಬರತೊಡಗಿತು.

ಆಮೇಲೆ ಚಿಪ್ಪು ಉಳಿಸಿಕೊಂಡು ಒಳಗಿನದನ್ನು ಬದಲಿಸಿದೆ. ಒಂದು ಮಿಲಿಮೀಟರ್ ಗಾತ್ರದ ಮುಳುಗುವ ಪೆಲೆಟ್ಟುಗಳನ್ನು ಮರುವಾಯಿಯ ರಸದಲ್ಲಿ ಹತ್ತು ನಿಮಿಷ ನೆನೆಸಿ, ಮೂರು ಪಾಲು ಮಾಂಸಕ್ಕೆ ಒಂದು ಪಾಲು ಪೆಲೆಟ್ ಸೇರಿಸಿ ಅರೆದು, ಖಾಲಿ ಚಿಪ್ಪಿನೊಳಗೆ ತೆಳುವಾಗಿ ಮೆತ್ತಿ, ಫ್ರಿಜ್ಜಿನಲ್ಲಿ ಗಟ್ಟಿಯಾಗಿಸಿ ಇಳಿಬಿಟ್ಟೆ. ಮೀನು ಅನುಮಾನಿಸಲೇ ಇಲ್ಲ. ವಾರವಾರವೂ ಮಾಂಸ ಕಡಿಮೆಯಾಗಿ ಪೆಲೆಟ್ ಹೆಚ್ಚುತ್ತ ಹೋಗಿ, ಕೊನೆಗೆ ಅರೆಯುವುದನ್ನೂ ಬಿಟ್ಟು ನೆನೆದ ಕಾಳುಗಳನ್ನೇ ಚಿಪ್ಪಿನೊಳಗೆ ಒತ್ತಿಟ್ಟೆ. ನಲವತ್ತಾರನೆಯ ದಿನ ಚಿಪ್ಪಿನಿಂದ ಜಾರಿದ ಒಂದು ಕಾಳು ಮರಳು ಮುಟ್ಟುವ ಮೊದಲೇ ಮೀನು ಅದನ್ನು ಹಿಡಿದು ನುಂಗಿತು. ಅಂದು ನಾನು ಕುರ್ಚಿ ಬಿಟ್ಟು ಎದ್ದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಬೆಳ್ಳುಳ್ಳಿ ರಸದಲ್ಲಿ ನೆನೆಸಿದರೆ ಎಂಥ ಮೀನೂ ತಿನ್ನುತ್ತದೆ ಎಂಬ ಮಾತು ಅಂಗಡಿಗಳಲ್ಲಿ ಬಹಳ ಕೇಳಿಬರುತ್ತದೆ. ನಾನೂ ಮಾಡಿ ನೋಡಿದೆ. ಮರುವಾಯಿಯ ರಸದ ಮುಂದೆ ಅದು ಏನೂ ಅಲ್ಲ. ಹಾಗೆಂದು ಮರುವಾಯಿಯನ್ನೇ ನಂಬಿಕೊಂಡಿರುವುದೂ ತಪ್ಪು. ಹಸಿ ಮರುವಾಯಿ, ಕೆಲವು ಸೀಗಡಿಗಳಲ್ಲಿ ಬಿ1 ಜೀವಸತ್ವವನ್ನು ನಾಶಪಡಿಸುವ ಥಯಾಮಿನೇಸ್ ಎಂಬ ಕಿಣ್ವವಿರುತ್ತದೆ. ತಿಂಗಳುಗಟ್ಟಲೆ ಅದೊಂದನ್ನೇ ತಿಂದ ಮೀನು ಹೊಟ್ಟೆ ತುಂಬಿದ್ದೂ ಸೊರಗುತ್ತದೆ. ಜೀವಸತ್ವ ಬೆರೆಸಿದ ಒಳ್ಳೆಯ ಸಿದ್ಧ ಆಹಾರದ ನಿಜವಾದ ಉಪಯೋಗ ಇಲ್ಲಿದೆ. ನನ್ನ ವಿರೋಧ ಕಾಳಿಗಲ್ಲವೆಂಬುದನ್ನು ಲೇಖಕರು ದಯವಿಟ್ಟು ಗಮನಿಸಬೇಕು. ಈಗ ನನ್ನ ಮೀನು ದಿನಕ್ಕೆ ನಾಲ್ಕು ಸಲ ಸ್ವಲ್ಪಸ್ವಲ್ಪವೇ ತಿನ್ನುತ್ತದೆ. ಮೂರು ಸಲ ಪೆಲೆಟ್, ಒಂದು ಸಲ ಮೈಸಿಸ್ ಅಥವಾ ಮರುವಾಯಿ. ಐದು ನಿಮಿಷದಲ್ಲಿ ಮುಟ್ಟದೆ ಉಳಿದದ್ದನ್ನು ಸಿರಿಂಜಿನಿಂದಲೇ ಎಳೆದು ತೆಗೆಯುತ್ತೇನೆ.

ನಮ್ಮ ಊರಿನ ಅಂಗಡಿಗಳಲ್ಲಿ ಜೀವಂತ ಆಹಾರ ಕೇಳಿದರೆ ಸಣ್ಣ ಲೋಟದಲ್ಲಿ ಟ್ಯೂಬಿಫೆಕ್ಸ್ ಹುಳುಗಳನ್ನು ಕೊಡುತ್ತಾರೆ. ಅದು ಕೊಳಚೆಯಲ್ಲಿ ಬೆಳೆಯುವ ಸಿಹಿನೀರಿನ ಹುಳು. ಉಪ್ಪುನೀರಿಗೆ ಬಿದ್ದರೆ ಬೇಗನೆ ಸತ್ತು ಕೊಳೆಯುತ್ತದೆ, ರೋಗಾಣುಗಳನ್ನೂ ಹೊತ್ತು ತರಬಹುದು. ಹೊಸಬರು ಅದರಿಂದ ದೂರವಿರುವುದು ಮೇಲು.

ಚೌಕಟ್ಟಿನ ನಾಲ್ಕನೆಯ ಮೀನಾದ ಮ್ಯಾಂಡರಿನ್ ಇನ್ನೂ ಕಠಿಣ. ಅದು ಬೆಳಗಿನಿಂದ ಸಂಜೆಯವರೆಗೆ ಕಲ್ಲಿನ ಮೇಲೆ ಹರಿದಾಡುವ ಕೋಪಿಪಾಡ್ ಎಂಬ ಸೂಕ್ಷ್ಮ ಜೀವಿಗಳನ್ನು ಒಂದೊಂದಾಗಿ ಹೆಕ್ಕುತ್ತಲೇ ಇರಬೇಕು. ಅವು ತಾವಾಗಿ ಹುಟ್ಟಿ ಹೆಚ್ಚುವಷ್ಟು ದೊಡ್ಡ, ಹಳೆಯ ತೊಟ್ಟಿ ಇಲ್ಲದವರು ಅದನ್ನು ತರಲೇಬಾರದು, ನಾನು ತಂದಿಲ್ಲ. ಕ್ಲೌನ್, ಡ್ಯಾಮ್ಸೆಲ್‌ಗಳ ಕತೆ ಬೇರೆ. ಅವು ಸ್ವಭಾವದಿಂದಲೇ ಸಿಕ್ಕಿದ್ದನ್ನು ತಿನ್ನುವಂಥವು. ಅಲ್ಲದೆ ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಈ ಎರಡು ಗುಂಪಿನ ಹಲವು ಜಾತಿಗಳಿಗೆ ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನಗಳನ್ನು ರೂಪಿಸಿದೆ. ಹಾಗೆ ಹುಟ್ಟಿದ ಮರಿ ಚಿಕ್ಕಂದಿನಲ್ಲೇ ಸಿದ್ಧ ಆಹಾರಕ್ಕೆ ಒಗ್ಗಿ ಬಂದಿರುತ್ತದೆ.

ಆದ್ದರಿಂದ ಮುಂದಿನ ಪುರವಣಿಯಲ್ಲಿ ಆ ಚೌಕಟ್ಟಿಗೆ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ. ಕಾಪರ್‌ಬ್ಯಾಂಡ್ ಹೆಸರಿನ ಮುಂದೆ ‘ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ತಿನ್ನಿಸಿ ನೋಡಿ, ಕಾಳಿಗೆ ಒಗ್ಗಿಸಲು ಒಂದೂವರೆ ಎರಡು ತಿಂಗಳು ಹಿಡಿದೀತು’ ಎಂದೂ, ಮ್ಯಾಂಡರಿನ್ ಮುಂದೆ ‘ಹೊಸಬರಿಗಲ್ಲ’ ಎಂದೂ ಬರೆದರೆ ಸಾಕು. ಅಂಗಡಿಯವರಲ್ಲಿಯೂ ಒಂದು ಬಿನ್ನಹವಿದೆ: ತೊಟ್ಟಿಯ ಗಾಜಿನ ಮೇಲೆ ಮೀನಿನ ಬೆಲೆಯನ್ನು ಬರೆಯುವ ಚೀಟಿಯಲ್ಲಿಯೇ, ಅದು ನಿಮ್ಮಲ್ಲಿಗೆ ಬಂದ ತಾರೀಖನ್ನೂ ಸದ್ಯ ಏನು ತಿನ್ನುತ್ತಿದೆ ಎಂಬುದನ್ನೂ ಬರೆಯಿರಿ. ಏನೂ ತಿನ್ನುತ್ತಿಲ್ಲವಾದರೆ ತಿನ್ನುವವರೆಗೆ ಮಾರಬೇಡಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ,
ವಿದ್ಯಾನಗರ, ದಾವಣಗೆರೆ