ಬಿಚ್ಚಿದ ನೂಲನ್ನು ಎಸೆಯಬೇಡ

ಪ್ರೀತಿಯ ಮಗಳೇ,

ನಿನ್ನ ಪತ್ರ ಕೈಸೇರಿತು. ಸ್ವೆಟರಿನ ಮುಂಭಾಗವನ್ನು ಎದೆಯ ಮಟ್ಟದವರೆಗೆ ಹೆಣೆದ ಮೇಲೆ ಅದು ಐದು ಸೆಂಟಿಮೀಟರ್ ಹೆಚ್ಚು ಅಗಲವಾಗಿದೆಯೆಂದು ತಿಳಿದು, ರಾತ್ರಿಯೇ ಕುಳಿತು ಪೂರ್ತಿ ಬಿಚ್ಚಿಬಿಟ್ಟೆ ಎಂದು ಬರೆದಿದ್ದೀಯೆ. ಅಡುಗೆ, ಹೆಣಿಗೆ, ಕವಿತೆ ಎಂದು ಮೂರಕ್ಕೂ ಕೈ ಹಾಕುವುದರಿಂದಲೇ ಯಾವುದೂ ನೆಟ್ಟಗಾಗುತ್ತಿಲ್ಲವೇನೋ, ಎರಡನ್ನು ಬಿಟ್ಟು ಒಂದನ್ನೇ ಹಿಡಿಯಲೇ ಎಂದೂ ಕೇಳಿದ್ದೀಯೆ. ಆ ಪ್ರಶ್ನೆಯನ್ನು ಎರಡು ದಿನ ಮನಸ್ಸಿನಲ್ಲಿಟ್ಟುಕೊಂಡು ಈಗ ಉತ್ತರ ಬರೆಯುತ್ತಿದ್ದೇನೆ. ಯಾವುದನ್ನೂ ಬಿಡಬೇಡ.

ಮೊದಲು ಸ್ವೆಟರಿನ ವಿಷಯ. ನಿನ್ನ ಕೈ ತಪ್ಪಿಲ್ಲ, ಲೆಕ್ಕ ತಪ್ಪಿದೆ. ನೀನು ಅನುಸರಿಸಿದ ಮಾದರಿಯಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆಗಳೆಂದು ಹೇಳಿದೆ. ಆ ಲೆಕ್ಕದಲ್ಲಿ 110 ಕುಣಿಕೆಗಳಿಗೆ 50 ಸೆಂಟಿಮೀಟರ್ ಅಗಲ ಬರಬೇಕು. ಆದರೆ ನೀನು ನೂಲನ್ನು ಬಿಗಿಯಾಗಿ ಎಳೆಯದೆ ಹೆಣೆಯುವವಳು; ಅದೇ ನೂಲು, ಅದೇ 4 ಮಿಲಿಮೀಟರ್ ಕಡ್ಡಿ ನಿನ್ನ ಕೈಯಲ್ಲಿ 10 ಸೆಂಟಿಮೀಟರಿಗೆ 20 ಕುಣಿಕೆಗಳನ್ನಷ್ಟೇ ಕೊಡುತ್ತವೆ, ಆಗ 110 ಕುಣಿಕೆಗಳು 55 ಸೆಂಟಿಮೀಟರ್ ಆಗುತ್ತವೆ. ಹಿಂಭಾಗವನ್ನೂ ಹೀಗೆಯೇ ಮುಗಿಸಿದ್ದರೆ ಸುತ್ತಳತೆ 10 ಸೆಂಟಿಮೀಟರ್ ಹೆಚ್ಚಾಗಿ, ಹೊಲಿದು ಜೋಡಿಸಿದ ಮೇಲೆಯೇ ನಿನಗೆ ಗೊತ್ತಾಗುತ್ತಿತ್ತು. ಆದ್ದರಿಂದ ಈ ಸಲ ಮೊದಲು 15 ಸೆಂಟಿಮೀಟರ್ ಉದ್ದಗಲದ ಒಂದು ತುಂಡನ್ನು ಹೆಣೆ. ಸುರುಳಿ ಸುತ್ತಿಕೊಳ್ಳದಂತೆ ಅದರ ಅಂಚಿನ ಕುಣಿಕೆಗಳನ್ನು ಎಲ್ಲ ಸಾಲುಗಳಲ್ಲಿಯೂ ಉಲ್ಟಾ ಹಾಕದೆ ಸೀದಾ ಕುಣಿಕೆಗಳಾಗಿಯೇ ಹಾಕು. ಅದನ್ನು ನೆನೆಸಿ, ಹಿಂಡದೆ ಒತ್ತಿ ನೀರು ತೆಗೆದು, ಚಪ್ಪಟೆಯಾಗಿ ಹರಡಿ ಒಣಗಿಸಿದ ನಂತರವೇ ನಡುವಿನ 10 ಸೆಂಟಿಮೀಟರನ್ನು ಎಣಿಸು. ಉಣ್ಣೆ ನೀರು ಕುಡಿದ ಮೇಲೆಯೇ ತನ್ನ ನಿಜವಾದ ಅಳತೆಗೆ ಬರುತ್ತದೆ. ನಿನ್ನ ಅಮ್ಮ ನನಗೆ ಕಡ್ಡಿ ಹಿಡಿಯಲು ಕಲಿಸಿದಾಗ ಎಲ್ಲಕ್ಕಿಂತ ಮೊದಲು ಹೇಳಿದ ಮಾತು ಇದು, ನಾನು ಎಲ್ಲಕ್ಕಿಂತ ಕೊನೆಗೆ ಪಾಲಿಸಿದ ಮಾತೂ ಇದೇ.

ಬಿಚ್ಚಿದ ನೂಲು ಗುಂಗುರು ಗುಂಗುರಾಗಿದೆ, ಇನ್ನು ಉಪಯೋಗಕ್ಕೆ ಬಾರದು ಎಂದುಕೊಂಡು ಎಸೆಯಬೇಡ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡು, ನಾಲ್ಕು ಕಡೆ ಸಡಿಲವಾಗಿ ದಾರ ಕಟ್ಟು, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು ತೂಗುಹಾಕು. ಉಣ್ಣೆ ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಅದರ ಅಣುಗಳನ್ನು ಬಾಗಿದ ಆಕಾರದಲ್ಲಿ ಹಿಡಿದಿಟ್ಟ ದುರ್ಬಲ ಬಂಧಗಳು ನೀರು ತಗುಲಿದಾಗ ಸಡಿಲಗೊಂಡು, ಒಣಗುವಾಗ ಹೊಸ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಒದ್ದೆ ಕೂದಲನ್ನು ಹೆಣೆದು ಒಣಗಿಸಿದರೆ ಬೆಳಿಗ್ಗೆಗೆ ಅಲೆಯಲೆಯಾಗಿರುವುದಕ್ಕೂ ಇದೇ ಕಾರಣ. ನೂಲು ತಾನು ಹಿಂದೆ ಏನಾಗಿದ್ದೆನೆಂಬುದನ್ನು ನೀರಿನಲ್ಲಿ ಬಹುಮಟ್ಟಿಗೆ ಮರೆಯುತ್ತದೆ.

ಈಗ ನಿನ್ನ ದೊಡ್ಡ ಪ್ರಶ್ನೆ. ನನ್ನ ಅನುಭವದಲ್ಲಿ ಈ ಮೂರು ಕೆಲಸಗಳು ತಪ್ಪನ್ನು ಮೂರು ಬಗೆಯಲ್ಲಿ ನಡೆಸಿಕೊಳ್ಳುತ್ತವೆ, ಮೂರೂ ಒಟ್ಟಿಗೆ ಬೇಕೆನ್ನುವುದು ನಾನು ಅದಕ್ಕಾಗಿಯೇ. ಹೆಣಿಗೆಯಲ್ಲಿ ಬಿಚ್ಚಬಹುದು. ನೂರು ಸಾಲು ಹಿಂದಕ್ಕೆ ಹೋದರೂ ನೂಲು ಅಷ್ಟೇ ಉದ್ದ ಉಳಿದಿರುತ್ತದೆ, ಕಳೆದುಹೋದದ್ದು ಹೊತ್ತು ಮಾತ್ರ. ಅಡುಗೆಯಲ್ಲಿ ಬಿಚ್ಚಲಾಗದು. ಬಿದ್ದ ಉಪ್ಪನ್ನು ಹೆಕ್ಕಿ ತೆಗೆಯಲು ಬಾರದು, ಒಲೆಯ ಮೇಲೆ ಕ್ಷಣ ಹೆಚ್ಚು ನಿಂತ ಒಗ್ಗರಣೆಯನ್ನು ಹಿಂದಿನ ಬಣ್ಣಕ್ಕೆ ತರಲಾಗದು. ಅಲ್ಲಿ ಮುಂದೆ ಹೋಗುತ್ತಲೇ ಸರಿಪಡಿಸಿಕೊಳ್ಳಬೇಕು, ಊಟವಾದ ಮೇಲೆ ತಪ್ಪೂ ಮುಗಿದುಹೋಗುತ್ತದೆ. ಕವಿತೆಯಲ್ಲಿ ಹೊಡೆದುಹಾಕಿದ ಪದವನ್ನು ಕಾಗದವೇನೋ ಬಿಟ್ಟುಕೊಡುತ್ತದೆ, ಆದರೆ ಅದು ಕಿವಿಯಲ್ಲಿ ಉಳಿದು, ಅದರ ಜಾಗಕ್ಕೆ ಬಂದ ಪದವನ್ನು ತಿಂಗಳುಗಟ್ಟಲೆ ಪ್ರಶ್ನಿಸುತ್ತಿರುತ್ತದೆ. ಬರೀ ಹೆಣೆಯುವವಳಾಗಿದ್ದರೆ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಬಹುದೆಂದು ನಂಬಿಬಿಡುತ್ತಿದ್ದೆ. ಬರೀ ಅಡುಗೆಯಲ್ಲಿದ್ದರೆ ಯಾವುದಕ್ಕೂ ಹಿಂದಿರುಗುವ ದಾರಿಯಿಲ್ಲವೆಂದು ಹೆದರುತ್ತಿದ್ದೆ. ಒಂದು ಕೆಲಸದಲ್ಲಿ ನೊಂದ ಕೈ ಮತ್ತೊಂದರಲ್ಲಿ ಚೇತರಿಸಿಕೊಳ್ಳುವುದನ್ನು ನಾನು ಹಲವು ವರ್ಷಗಳಿಂದ ಕಂಡಿದ್ದೇನೆ.

ಉಣ್ಣೆಗೂ ಹಿಂದಿರುಗಲಾಗದ ಒಂದು ದಾರಿಯಿದೆ ಎಂಬುದನ್ನು ಮಾತ್ರ ನೆನಪಿಡು. ಅದರ ಎಳೆಯ ಮೇಲೆ ಸೂಕ್ಷ್ಮವಾದ ಹುರುಪೆಗಳಿರುತ್ತವೆ. ಬಿಸಿನೀರು, ಸಾಬೂನು, ತಿಕ್ಕಾಟ ಮೂರೂ ಸೇರಿದಾಗ ಅವು ಒಂದರೊಳಗೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪಗಾಗುತ್ತದೆ, ಆಮೇಲೆ ಯಾವ ಕುಣಿಕೆಯನ್ನೂ ಬಿಡಿಸಲಾಗದು. ಬೇಕೆಂದೇ ಹಾಗೆ ಮಾಡಿದರೆ ಗಟ್ಟಿಯಾದ ಚೀಲವಾಗುತ್ತದೆ, ತಿಳಿಯದೆ ಮಾಡಿದರೆ ಹೋದ ವರ್ಷದ ನನ್ನ ಟೋಪಿಯಾಗುತ್ತದೆ. ಅದಕ್ಕಾಗಿ ನಾನು ಬಹಳ ಮರುಗಿದ್ದೆ.

ಈ ಮೂರೂ ಬೇರೆ ಬೇರೆಯಲ್ಲವೆಂದು ನಮ್ಮ ಭಾಷೆಯೇ ಹೇಳುತ್ತಿದೆ. ಹೆಣಿಗೆಯಲ್ಲೂ ಸಾಲು, ಕವಿತೆಯಲ್ಲೂ ಸಾಲು. ನೂಲಿಗೆ ಎಳೆ, ಸಕ್ಕರೆಯ ಪಾಕಕ್ಕೂ ಎಳೆ: ಹೆಬ್ಬೆರಳು ತೋರುಬೆರಳುಗಳ ನಡುವೆ ಅದು ತಂತಿಯಂತೆ ಎಳೆದು ನಿಂತಾಗಲೇ ಒಂದೆಳೆ ಪಾಕ ಎನ್ನುತ್ತೇವೆ. ಆ ಪಾಕವೆಂಬ ಮಾತನ್ನು ಕಾವ್ಯಮೀಮಾಂಸಕರು ಕವಿತೆಗೂ ಬಳಸಿ, ಬಾಯಿಗಿಟ್ಟೊಡನೆ ರಸ ಕೊಡುವ ರಚನೆಯನ್ನು ದ್ರಾಕ್ಷಾಪಾಕವೆಂದೂ ಒಡೆದು ಒಳಹೊಕ್ಕ ಮೇಲೆಯೇ ಸಿಹಿ ಕೊಡುವುದನ್ನು ನಾರಿಕೇಳಪಾಕವೆಂದೂ ಕರೆದರು. ಜೇಡರ ದಾಸಿಮಯ್ಯನೂ ಕಬೀರನೂ ಮಗ್ಗದ ಮುಂದೆ ಕುಳಿತವರು. ಕೈಗೆ ಕೆಲಸವಿದ್ದುದರಿಂದ ಅವರ ಮಾತು ಕಡಿಮೆಯಾಗಲಿಲ್ಲ.

ಹೋದ ಪತ್ರದಲ್ಲಿ ನೀನು ಭಾಮಿನಿ ಷಟ್ಪದಿಯೊಂದನ್ನು ಕಟ್ಟಲು ಹೊರಟು ಮೂರನೆಯ ಪಾದದಲ್ಲಿ ನಿಂತುಬಿಟ್ಟೆನೆಂದು ಬರೆದಿದ್ದೆ. ಅದನ್ನು ಸ್ವೆಟರಿನ ಕೆಳ ಅಂಚಿನ ಪಟ್ಟಿಯ ಪಕ್ಕದಲ್ಲಿಟ್ಟು ನೋಡು. ಎರಡು ಸೀದಾ, ಎರಡು ಉಲ್ಟಾ ಎಂದು ಹೆಣೆಯುವ ಪಟ್ಟಿಗೆ ನಾಲ್ಕರ ಗುಣಕವೊಂದೇ ಸಾಲದು, ಮೇಲೆ ಎರಡು ಕುಣಿಕೆ ಹೆಚ್ಚು ಬೇಕು. ಇಲ್ಲವಾದರೆ ಒಂದು ಬದಿ ಸೀದಾದಲ್ಲಿ ಆರಂಭವಾಗಿ ಇನ್ನೊಂದು ಬದಿ ಉಲ್ಟಾದಲ್ಲಿ ಮುಗಿದು, ಎರಡು ಅಂಚುಗಳು ಒಂದಕ್ಕೊಂದು ಹೊಂದುವುದಿಲ್ಲ. ಷಟ್ಪದಿಯ ಮೂರನೆಯ ಪಾದವೂ ಹೀಗೆಯೇ. ಮೂರು ನಾಲ್ಕು, ಮೂರು ನಾಲ್ಕು ಎಂದು ಹದಿನಾಲ್ಕು ಮಾತ್ರೆಗಳಿಗೆ ಮುಗಿಯುವ ಚಿಕ್ಕ ಪಾದಗಳೆರಡು ಬಂದ ನಂತರ, ಅದೇ ಜೋಡಿ ಮೂರು ಸಲ ಬಂದು 21 ಮಾತ್ರೆಗಳಾಗಿ, ಮೇಲೊಂದು ಗುರು ಕೂಡಿ 23 ಆಗುತ್ತದೆ. ಆ ಕೊನೆಯ ಗುರುವೇ ನಿನ್ನ ಅಂಚಿನ ಎರಡು ಕುಣಿಕೆ. ನೀನು ಕಳುಹಿಸಿದ ಪಾದದಲ್ಲಿ 21 ಇವೆ. ಪದಗಳನ್ನು ಬದಲಿಸುವ ಅಗತ್ಯವಿಲ್ಲ, ಕೊನೆಯಲ್ಲಿ ಉಸಿರು ನಿಲ್ಲಲು ಒಂದು ದೀರ್ಘಾಕ್ಷರವನ್ನು ತಾ.

ಕ್ರೋಶಾದಲ್ಲಿ ಮಾಡಿದ ದುಂಡನೆಯ ಹಾಸು ಚಪ್ಪಟೆಯಾಗದೆ ನೆರಿಗೆಯೆದ್ದಿತೆಂದು ಬೇಸರಪಟ್ಟಿದ್ದೀಯಲ್ಲ, ಅದಕ್ಕೂ ಎರಡು ಮಾತು. ಗಿಡ್ಡ ಕಂಬದ ಹೆಣಿಗೆಯಲ್ಲಿ (ಸಿಂಗಲ್ ಕ್ರೋಶಾ) ಸುತ್ತಿಗೆ ಆರು ಕುಣಿಕೆಗಳಂತೆ ಹೆಚ್ಚಿಸಿದರೆ ವೃತ್ತ ಚಪ್ಪಟೆಯಾಗಿರುತ್ತದೆ, ಅದಕ್ಕಿಂತ ಹೆಚ್ಚಿದರೆ ಅಂಚು ಅಲೆಯೇಳುತ್ತದೆ. ಡೈನಾ ತೈಮಿನ ಎಂಬ ಗಣಿತಜ್ಞೆ 1997 ರಲ್ಲಿ ಇಂಥ ನೆರಿಗೆಯನ್ನು ಬೇಕೆಂದೇ ಹೆಣೆದು, ಎಲ್ಲೆಡೆಯೂ ನೆರಿಗೆಯೇಳುತ್ತ ಹರಡುವ, ಅತಿಪರವಲಯ (ಹೈಪರ್ಬೋಲಿಕ್) ಜ್ಯಾಮಿತಿಯ ಸಮತಲವನ್ನು ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ನೋಡುವಂತೆ ಮಾಡಿದರು. ನಿನ್ನ ಹಾಸನ್ನು ಬಿಚ್ಚಬೇಡ, ನನಗೆ ಕೊಡು.

ದಿನಚರಿಯ ಬಗ್ಗೆ ಒಂದೇ ಎಚ್ಚರಿಕೆ ಹೇಳುತ್ತೇನೆ. ಒಲೆಯ ಮೇಲೆ ಏನಾದರೂ ಮೆಲ್ಲಗೆ ಬೇಯುತ್ತಿರುವಾಗ ಎಣಿಸಬೇಕಾಗಿಲ್ಲದ ಸರಳ ಸಾಲುಗಳನ್ನಷ್ಟೇ ಹೆಣೆ, ಜಾಲರಿ ಹೆಣಿಗೆಯನ್ನು ಅಡುಗೆಮನೆಗೆ ತರಬೇಡ. ಎಣಿಕೆಯಲ್ಲಿ ಮುಳುಗಿದ್ದಾಗ ನಾನು ಪಾತ್ರೆಯ ತಳ ಹಿಡಿಸಿದ್ದೇನೆ, ಪಾತ್ರೆಯತ್ತ ಓಡಿದಾಗ ಕುಣಿಕೆ ಜಾರಿಸಿದ್ದೇನೆ. ಸರಳ ಸಾಲುಗಳಲ್ಲಿ ಮನಸ್ಸಿಗೆ ಬಿಡುವು ಸಿಗುತ್ತದೆ, ಕವಿತೆಯ ಸಾಲು ಬರುವುದೂ ಹೆಚ್ಚಾಗಿ ಆಗಲೇ. ಪಕ್ಕದಲ್ಲಿ ಒಂದು ಚೀಟಿ, ಪೆನ್ಸಿಲ್ ಇಟ್ಟುಕೊಂಡಿರು.

ಮಾದರಿ ತುಂಡು ಒಣಗಿದ ಮೇಲೆ ಅಳತೆಯನ್ನು ಬರೆದು ಕಳುಹಿಸು. ನಾನು ಊಹಿಸಿದಂತೆ 20 ಕುಣಿಕೆಗಳೇ ಬಂದರೆ 100 ಅಲ್ಲ, 102 ಹಾಕಿಕೊಂಡು ಆರಂಭಿಸು: ಅಂಚಿನ ಪಟ್ಟಿಯ ಲೆಕ್ಕ ಸರಿಹೋಗುತ್ತದೆ, ಬದಿಗೆ ಒಂದೊಂದು ಕುಣಿಕೆ ಹೊಲಿಗೆಯೊಳಗೆ ಅಡಗಿ 50 ಸೆಂಟಿಮೀಟರ್ ಉಳಿಯುತ್ತದೆ. ಕುತ್ತಿಗೆಯ ಇಳಿತದ ಲೆಕ್ಕವನ್ನು ಅಷ್ಟರಲ್ಲಿ ನಾನು ಇಲ್ಲಿ ಹಾಕಿಟ್ಟಿರುತ್ತೇನೆ.

ಪ್ರೀತಿಯಿಂದ,
ನಿನ್ನ ಅಪ್ಪ