ಹಾವಿಗೂ ಊರಿನ ಚೀಟಿ ಇರಲಿ

ಮಾನ್ಯ ಸಂಪಾದಕರೇ,

ಹೋದ ವಾರ ನಮ್ಮ ಬೀದಿಯ ಹುಡುಗನೊಬ್ಬ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಓದುತ್ತಿದ್ದಾನೆ. ಕೈಯಲ್ಲಿ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ. 'ಡಾಕ್ಟ್ರೇ, ಇದು ಗಂಡೋ ಹೆಣ್ಣೋ ನೋಡಿ ಹೇಳ್ತೀರಾ? ಇನ್ನೊಂದು ತಂದು ಮರಿ ಮಾಡಿಸ್ಬೇಕು' ಅಂದ. ಒಳಗೆ ಕಪ್ಪು ಬಿಳಿ ಪಟ್ಟೆಯ ಹಾವು, ಹೆಬ್ಬೆರಳಿಗಿಂತ ಸಣ್ಣದು. ಹೊಲದಲ್ಲಿ ಕಂಡಿದ್ದರೆ ಕಟ್ಟುಹಾವು ಅಂತ ಜನ ದೊಣ್ಣೆ ಎತ್ತುತ್ತಿದ್ದರು. ಅದು ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್. ವಿಷ ಇಲ್ಲ. ಹೆಸರಲ್ಲಿ 'ಕಿಂಗ್' ಇದ್ದರೂ, ಕಿಂಗ್ ಕೋಬ್ರಾ ಅನ್ನುವ ನಮ್ಮ ಕಾಳಿಂಗ ಸರ್ಪವೇ ಬೇರೆ, ಇದೇ ಬೇರೆ. ಅಮೆರಿಕದ ಈ ಹಾವು, ಬಾಲ ಅಲ್ಲಾಡಿಸಿ ಸದ್ದು ಮಾಡುವ ವಿಷದ ಬುಡುಬುಡಿಕೆ ಹಾವನ್ನೂ ಸುತ್ತಿ ಹಿಸುಕಿ ನುಂಗುತ್ತದೆ.

'ಇದರ ಅಪ್ಪ ಅಮ್ಮ ಯಾವ ಊರಿನವು?' ಅಂತ ಕೇಳಿದೆ. 'ಮಾರಿದವರು ಏನೂ ಹೇಳಲಿಲ್ಲ. ಹಾವಿಗೆ ಯಾವ ಊರು ಡಾಕ್ಟ್ರೇ?' ಅಂದ. ಅವನಿಗೆ ಹೇಳಿದ್ದನ್ನೇ ನಿಮ್ಮ ಓದುಗರಿಗೂ ಹೇಳೋಣ ಅಂತ ಈ ಪತ್ರ.

ನಾನು 31 ವರ್ಷ ಪಶು ಪರೀಕ್ಷಕನಾಗಿದ್ದವನು. ಚಳ್ಳಕೆರೆ, ಹೊಳಲ್ಕೆರೆ, ಜಗಳೂರು ಸುತ್ತಿದ್ದೇನೆ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಲು ಹೋರಿಯ ವೀರ್ಯ ತುಂಬಿಡುವ ಸೆಮೆನ್ ಸ್ಟ್ರಾ ನೋಡಿದವರಿಗೆ ಗೊತ್ತು, ಅಷ್ಟು ಸಣ್ಣ ಕಡ್ಡಿಯ ಮೇಲೂ ಹೋರಿಯ ನಂಬರ್, ತಳಿ ಎಲ್ಲ ಅಚ್ಚಾಗಿರುತ್ತದೆ. ಅದನ್ನು ರಿಜಿಸ್ಟರ್‌ನಲ್ಲಿ ಬರೆಯದೆ ನಾನು ಕೈ ತೊಳೆಯುತ್ತಿರಲಿಲ್ಲ. ಒಂದು ಊರಿನಲ್ಲಿ ನನಗಿಂತ ಮೊದಲು ಇದ್ದವರು ನಂಬರ್ ಬರೆದಿರಲಿಲ್ಲ. ಒಂದು ಕಡಸಿಗೆ ಅದರ ಅಪ್ಪನ ಸೆಮೆನ್ನೇ ಬಿತ್ತು. ಕರು ಕುರುಡಾಗಿ ಹುಟ್ಟಿತು. ಆ ಮನೆಯ ಅಜ್ಜಿ ಕರುವಿನ ಮುಖ ಹಿಡಿದುಕೊಂಡು ಅತ್ತಿದ್ದು ನನಗೆ ಇವತ್ತಿಗೂ ಮರೆಯೋಕಾಗಿಲ್ಲ.

ಹೋದ ವರ್ಷ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಟೆಕ್ಸಸ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಪಕ್ಕದ ಮನೆಯವರು ನಿವೃತ್ತ ಮೇಷ್ಟ್ರು. ಅವರ ಗ್ಯಾರೇಜಿನಲ್ಲಿ ಗೋಡೆಯುದ್ದಕ್ಕೂ ಡ್ರಾಯರ್ ಥರದ ಡಬ್ಬಿಗಳು, ಒಂದೊಂದರಲ್ಲಿ ಒಂದೊಂದು ಹಾವು. ಎರಡನ್ನು ಒಟ್ಟಿಗೆ ಇಟ್ಟರೆ ಒಂದು ಇನ್ನೊಂದನ್ನು ನುಂಗಿಬಿಡಬಹುದು. ಅವರು ಸಾಕುತ್ತಿದ್ದದ್ದು ಬೂದು ಪಟ್ಟೆಯ ಕಿಂಗ್‌ಸ್ನೇಕ್. ಪಶ್ಚಿಮ ಟೆಕ್ಸಸ್‌ನ ಒಣ ಬಂಡೆಗಾಡಿನ ಹಾವು, ನಮ್ಮ ದುರ್ಗದ ಗುಡ್ಡಗಳಂಥದ್ದೇ ಜಾಗ. ಪ್ರತಿ ಡಬ್ಬಿಗೂ ಒಂದು ಚೀಟಿ. ಒಂದರ ಮೇಲೆ ಲ್ಯಾಂಗ್ಟ್ರಿ, ಒಂದರ ಮೇಲೆ ಜುನೋ ರಸ್ತೆ, ಇನ್ನೊಂದರ ಮೇಲೆ ಬ್ಲ್ಯಾಕ್ ಗ್ಯಾಪ್. ಯಾರ ಹೆಸರು ಇವೆಲ್ಲ ಅಂತ ಕೇಳಿದೆ. ಹೆಸರಲ್ಲ, ಇದರ ಹಿರೀಕರು ಸಿಕ್ಕಿದ ಜಾಗ ಅಂದರು. ಆ ಗಳಿಗೆಯಲ್ಲಿ ನನಗೆ ಸೆಮೆನ್ ಸ್ಟ್ರಾ ಇಡುವ ನಮ್ಮ ನೈಟ್ರೋಜನ್ ಕ್ಯಾನ್ ನೆನಪಾಯಿತು. ಆಮೇಲೆ ದಿನಾ ಸಂಜೆ ಅಲ್ಲೇ ಇರುತ್ತಿದ್ದೆ.

ಅಲ್ಲಿನ ಹವ್ಯಾಸಿಗಳು ಲ್ಯಾಂಗ್ಟ್ರಿ ಹಾವಿಗೆ ಲ್ಯಾಂಗ್ಟ್ರಿ ಹಾವನ್ನೇ ಜೋಡಿ ಮಾಡುತ್ತಾರೆ. ಸುಮ್ನೆ ಶೋಕಿಗಲ್ಲ. ಈ ಹಾವಿನಲ್ಲಿ ಎರಡು ಬಗೆ ಇದೆ. ಒಂದಕ್ಕೆ ಬೂದು ಮೈಮೇಲೆ ಸಣ್ಣ ಕಪ್ಪು ಗೆರೆ, ಇನ್ನೊಂದಕ್ಕೆ ಅಗಲ ಕಿತ್ತಳೆ ಪಟ್ಟೆ. ಅಗಲ ಪಟ್ಟೆಯದನ್ನು 1950ರಲ್ಲಿ ಬೇರೆ ಜಾತಿ ಅಂತಲೇ ಹೆಸರಿಟ್ಟಿದ್ದರಂತೆ. ಆಮೇಲೆ ನೋಡಿದರೆ ಒಂದೇ ತಾಯಿಯ ಮೊಟ್ಟೆಗಳಿಂದ ಎರಡೂ ಬಗೆಯ ಮರಿ ಬಂದವು! ಅಂದರೆ ಬಣ್ಣ ನೋಡಿ ಊರು ಹೇಳೋಕಾಗಲ್ಲ. ಚೀಟಿ ಕಳೆದುಹೋದರೆ ಯಾವ ಜಾಣನೂ ಮತ್ತೆ ಬರೆಯಲಾರ.

ಜೂನ್‌ನಲ್ಲಿ ಒಂದು ಹೆಣ್ಣು ಎಂಟು ಮೊಟ್ಟೆ ಇಟ್ಟಿತು. ಕೋಳಿಮೊಟ್ಟೆಯಂತೆ ಗಟ್ಟಿ ಚಿಪ್ಪಲ್ಲ, ತೊಗಲಿನ ಹಾಗೆ ಮೆತ್ತಗೆ. ನೀರು ಹಿಡಿದಿಡುವ ಖನಿಜದ ಪುಡಿಯಾದ ಒದ್ದೆ ವರ್ಮಿಕ್ಯುಲೈಟ್‌ನಲ್ಲಿ ಅರ್ಧ ಹುದುಗಿಸಿ, ಮೇಲ್ಗಡೆ ಪೆನ್ಸಿಲ್‌ನಿಂದ ಒಂದೊಂದು ಗುರುತು ಹಾಕಿದರು. ಆ ಗುರುತು ಮೇಲೇ ಇರಬೇಕು, ಮೊಟ್ಟೆ ಹೊರಳಿಸಬಾರದು. 27-28 ಡಿಗ್ರಿಯಲ್ಲಿ ಎರಡು ತಿಂಗಳ ಮೇಲೆ ಕೆಲವು ದಿನ. ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಮೊಟ್ಟೆಯಲ್ಲಿ ಬ್ಲೇಡಿನಿಂದ ಗೀರಿದಂಥ ಸೀಳು. ಅದರಿಂದ ಒಂದು ಮೂತಿ ಹೊರಗೆ. ನನ್ನನ್ನು ನೋಡಿ ಒಳಗೆ ಹೋಯಿತು. ಇಡೀ ದಿನ ಹಾಗೇ ಇಣುಕುತ್ತಾ ಇತ್ತು, ಮಾರನೇ ದಿನ ಪೂರ್ತಿ ಹೊರಬಂತು. ಎಷ್ಟು ಹೆರಿಗೆ ಮಾಡಿಸಿದ್ದೇನೋ ಲೆಕ್ಕ ಇಲ್ಲ, ಆದರೂ ಕಣ್ಣು ಒದ್ದೆಯಾಯಿತು.

ಮರಿ ಪೊರೆ ಬಿಟ್ಟ ಮೇಲೆ ತಿನ್ನಿಸೋದು ಕಷ್ಟದ ಕೆಲಸ. ಕಾಡಿನಲ್ಲಿ ಈ ಮರಿಗಳು ಹಲ್ಲಿ ತಿಂದು ಬೆಳೆಯುವಂಥವು. ಕಣ್ಣು ಬಿಡದ ಇಲಿಮರಿ ಇಟ್ಟರೆ ಮೂಸಿಯೂ ನೋಡಲ್ಲ. ಮೇಷ್ಟ್ರು ಸತ್ತ ಹಲ್ಲಿಯೊಂದನ್ನು ಫ್ರೀಜರ್‌ನಲ್ಲಿ ಇಟ್ಟಿದ್ದರು. ಇಲಿಮರಿಯ ಮೂತಿಗೆ ಅದನ್ನು ಉಜ್ಜಿ, ಇಕ್ಕಳದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಎಂಟರಲ್ಲಿ ಐದು ತಿಂದವು. ಉಳಿದ ಮೂರರಲ್ಲಿ ಎರಡು ಮರಿಗಳು ಮೂರು ವಾರ ಕಳೆದ ಮೇಲೆ ತಿಂದವು. ಒಂದು ಉಳಿಯಲಿಲ್ಲ. ಅದಕ್ಕೂ ಪುಸ್ತಕದಲ್ಲಿ ಒಂದು ಸಾಲು ಬರೆದರು.

ನಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ಹೊರದೇಶದ ಪ್ರಾಣಿ ತರಬೇಕಾದರೆ ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಕಚೇರಿಯಾದ ಡಿಜಿಎಫ್‌ಟಿ ಪರವಾನಗಿ ಬೇಕು, ಕ್ವಾರಂಟೈನ್ ಆಗಬೇಕು. ಕೈಯಲ್ಲಿ ಒಂದು ಕಾಗದವೂ ಇಲ್ಲದ ಹಾವನ್ನು ದಯವಿಟ್ಟು ಕೊಳ್ಳಬೇಡಿ. ಈಗಾಗಲೇ ಇದ್ದರೆ ಚೆನ್ನಾಗಿ ನೋಡಿಕೊಳ್ಳಿ, ಆದರೆ ಊರು ಗೊತ್ತಿಲ್ಲದ ಎರಡನ್ನು ಕೂಡಿಸಿ ಮರಿ ಮಾಡಿಸಿ 'ಒರಿಜಿನಲ್' ಅಂತ ಮಾರಬೇಡಿ. ಹಳ್ಳಿಕಾರ್ ಹಸುವಿಗೆ ವಿದೇಶಿ ತಳಿಯಾದ ಎಚ್‌ಎಫ್ ಕೊಡಿಸಿ, ಹುಟ್ಟಿದ ಕರುವನ್ನು ಹಳ್ಳಿಕಾರ್ ಅಂತ ಸಂತೆಯಲ್ಲಿ ಮಾರಿದರೆ ಸುಮ್ನಿರ್ತೀರಾ?

ಅವನ ಇನ್ನೊಂದು ಮಾತು ಕೇಳಿ ನನಗೆ ಎದೆ ಧಸಕ್ಕೆಂದಿತು. 'ಸಾಕೋಕಾಗಲಿಲ್ಲ ಅಂದ್ರೆ ಜೋಗಿಮಟ್ಟಿ ಕಾಡಿಗೆ ಬಿಟ್ಟರಾಯ್ತು' ಅಂದ. ಸ್ಪೇನ್‌ಗೆ ಸೇರಿದ ಗ್ರಾನ್ ಕನೇರಿಯಾ ದ್ವೀಪದಲ್ಲಿ ಮೊದಲು ಹಾವೇ ಇರಲಿಲ್ಲ. ಸಾಕಿದವರ ಕೈತಪ್ಪಿದ ಇದೇ ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್ 1990ರ ದಶಕದ ಕೊನೆಯಿಂದ ಅಲ್ಲಿ ಬೇರೂರಿದೆ. ಅದು ಹಬ್ಬಿದ ಕಡೆ ಆ ದ್ವೀಪದ ದೊಡ್ಡ ಹಲ್ಲಿಗಳು ಕಾಣದಂತಾಗಿವೆ. ಸರ್ಕಾರ ವರ್ಷವರ್ಷ ಹಾವು ಹಿಡಿಸುತ್ತಿದ್ದರೂ ಮುಗಿದಿಲ್ಲ. ಜೋಗಿಮಟ್ಟಿಯ ಬಂಡೆ ಸಂದಿಯ ಓತಿಕ್ಯಾತಗಳಿಗೆ ಅಂಥ ಗತಿ ಬರಬಾರದು. ಸಾಕಲಾಗದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ಕಾಡಿಗೆ ಮಾತ್ರ ಬಿಡಬೇಡಿ.

ಹಾಗೇ ನಮ್ಮ ಹಾವು ಹಿಡಿಯುವ ಹುಡುಗರಿಗೂ ಒಂದು ಮಾತು. ಜೀವ ಪಣಕ್ಕಿಟ್ಟು ಮಾಡುವ ಕೆಲಸ ನಿಮ್ಮದು, ನನಗೆ ನಿಮ್ಮ ಮೇಲೆ ತುಂಬಾ ಗೌರವ. ಆದರೆ ನಗರದಲ್ಲಿ, ಹಳ್ಳಿಯಲ್ಲಿ ಹಿಡಿದ ನಾಗರಹಾವು, ಕೇರೆ, ಕೊಳಕುಮಂಡಲ ಎಲ್ಲವನ್ನೂ ಡ್ರಮ್ಮಿನಲ್ಲಿ ಕೂಡಿಟ್ಟು, ಭಾನುವಾರ ಒಂದೇ ಕಾಡಿಗೆ ಸುರಿದು ಬರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ತನ್ನ ಬಿಲ, ತನ್ನ ನೀರು ಗೊತ್ತಿರುವ ಹಾವನ್ನು ದೂರ ಬಿಟ್ಟರೆ ಅದು ದಿಕ್ಕು ತಪ್ಪಿ ಅಲೆಯುತ್ತದೆ, ಎಷ್ಟೋ ಸಾಯುತ್ತವೆ. ಹೊಲದವರು 'ನಮ್ಮ ಕಡೆ ಬಿಡಬೇಡಿ' ಅಂತಾರೆ, ಗೊತ್ತು. ಆದರೆ ಮೆಕ್ಕೆಜೋಳದ ತೆನೆ ರಾಶಿಯಲ್ಲಿ ಇಲಿ ಇರುವ ತನಕ ಒಂದು ಹೋದರೆ ಇನ್ನೊಂದು ಬರುತ್ತದೆ.

ನಮ್ಮ ಹಾವುಗಳಿಗೂ ಊರು ಇದೆ. ಒಂದೇ ಕೊಳಕುಮಂಡಲ, ಆದರೆ ಜಾಗದಿಂದ ಜಾಗಕ್ಕೆ ವಿಷದ ಗುಣ ಬೇರೆ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತೋರಿಸಿದ್ದಾರೆ. ಹಾವು ಕಡಿದಾಗ ನಾವು ಆಸ್ಪತ್ರೆಯಲ್ಲಿ ಹಾಕಿಸಿಕೊಳ್ಳುವ ಔಷಧಿಯನ್ನು ಹಾವಿನ ವಿಷದಿಂದಲೇ ಮಾಡುತ್ತಾರೆ. ಆ ವಿಷ ಬರುವುದು ಹೆಚ್ಚಾಗಿ ತಮಿಳುನಾಡಿನ ಇರುಳರ, ಅಂದರೆ ಹಾವು ಹಿಡಿಯುವ ಬುಡಕಟ್ಟಿನವರ, ಸಹಕಾರ ಸಂಘದಿಂದ. ಹಾಗಾಗಿ ಯಾವ ಊರಿನ ಹಾವು ಅನ್ನುವುದು ನಮಗೂ ಮುಖ್ಯ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿತು. ಕಡಿತದ ಲೆಕ್ಕ ಬರುತ್ತಿದೆ, ಒಳ್ಳೆಯದು. ಹಿಡಿದ ಹಾವಿನ ಲೆಕ್ಕವೂ ಬರಲಿ. ಒಂದು ನೋಟ್‌ಬುಕ್ ಸಾಕು. ದಿನ, ಊರು, ಸರ್ವೆ ನಂಬರ್, ಯಾವ ಹಾವು, ಎಷ್ಟು ಉದ್ದ, ಎಲ್ಲಿ ಬಿಟ್ಟಿರಿ. ಜಿಲ್ಲೆಯ ಅರಣ್ಯಾಧಿಕಾರಿಗಳು ಇದನ್ನು ಹಾವು ಹಿಡಿಯುವವರಿಗೆ ಕಡ್ಡಾಯ ಮಾಡಬೇಕು, ಸಿಕ್ಕಿದ ಜಾಗದ ಹತ್ತಿರವೇ ಅದೇ ದಿನ ಬಿಡುವಂತೆ ಹೇಳಬೇಕು ಅಂತ ನಿಮ್ಮ ಪತ್ರಿಕೆ ಮೂಲಕ ಕೇಳಿಕೊಳ್ಳುತ್ತೇನೆ.

ನನ್ನ ಬಳಿ ಗೆರೆ ಹಾಕಿದ ಖಾಲಿ ರಿಜಿಸ್ಟರ್ ಎರಡು ಉಳಿದಿವೆ. ಒಂದನ್ನು ನಮ್ಮ ಕಡೆ ಹಾವು ಹಿಡಿಯುವ ಹುಡುಗನಿಗೆ ಕೊಟ್ಟೆ. ಡಬ್ಬಿಯ ಹುಡುಗ ಈ ಭಾನುವಾರ ಮತ್ತೆ ಬರುತ್ತಾನೆ. ಇನ್ನೊಂದು ಅವನಿಗೆ. ಮೊದಲ ಸಾಲು ನಾನೇ ಬರೆದಿಟ್ಟಿದ್ದೇನೆ: ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್, ಒಂದು. ಊರು: ಗೊತ್ತಿಲ್ಲ.

ಇಂತಿ,
ನಿವೃತ್ತ ಪಶು ಪರೀಕ್ಷಕ, ಚಿತ್ರದುರ್ಗ