ನೆಲ ನೋಡೋದನ್ನು ಕಲಿಸಿದ ಹಿರಿಯರಿಗೆ

ಹೆಸರು ಹೇಳದೆ ಹೊರಟುಹೋದಿರಿ, ಅದಕ್ಕೇ ಇಲ್ಲಿ ಎಲ್ಲರೆದುರು ಧನ್ಯವಾದ ಹೇಳುತ್ತಿದ್ದೇನೆ. ಮರುಭೂಮಿಯಲ್ಲಿ ಚಿನ್ನ ಹುಡುಕಲು ಹೊರಟ ಹೊಸಬರಿಗೆ ಒಳ್ಳೆಯ ಮೆಟಲ್ ಡಿಟೆಕ್ಟರ್ ಕೊಳ್ಳಿ ಅನ್ನುವವರೇ ಜಾಸ್ತಿ. ನೀವು ಮೊದಲು ನೆಲ ನೋಡೋದನ್ನು ಕಲಿಸಿದಿರಿ.

ಒಣ ಹಳ್ಳದ ತಿರುವಿನ ಒಳಬದಿಗೆ ಕರೆದುಕೊಂಡು ಹೋದಿರಿ. ಮಳೆ ಬಂದಾಗ ನೀರಿನ ವೇಗ ಅಲ್ಲಿ ತಗ್ಗುತ್ತದೆ, ಭಾರದ್ದೆಲ್ಲ ಅಲ್ಲೇ ಕೂರುತ್ತದೆ ಎಂದಿರಿ. ಚಿನ್ನ ನೀರಿಗಿಂತ ಸುಮಾರು 19 ಪಟ್ಟು ಭಾರ ಅಲ್ವಾ, ಮರಳಿನಡಿ ಜಾರಿ ತಳಬಂಡೆಯ ಬಿರುಕು ಸೇರುತ್ತದೆ. ನೀವು ಮಂಡಿಯೂರಿ ಕುಳಿತು, ಸಣ್ಣ ಕೊಕ್ಕೆಯಿಂದ ಬಿರುಕು ಕೆರೆದು, ಕೊನೆಯ ಚಿಟಿಕೆ ಮಣ್ಣನ್ನೂ ಬ್ರಷ್‌ನಿಂದ ಗುಡಿಸಿ ತೆಗೆದಿರಿ. ಟಬ್ಬಿನ ಅದೇ ನೀರಲ್ಲಿ ಮತ್ತೆ ಮತ್ತೆ ತೊಳೆದಾಗ ತಟ್ಟೆಯಲ್ಲಿ ಕಪ್ಪು ಮರಳು ಉಳಿಯಿತು. ಅದರ ಅಂಚಲ್ಲಿ ಸಾಸಿವೆಗಿಂತ ಚಿಕ್ಕ ಹಳದಿ ಚೂರು! ಸೂಜಿಯಿಂದ ಒತ್ತಿ ನೋಡು, ಪುಡಿಯಾದರೆ ಚಿನ್ನದಂತೆ ಹೊಳೆಯುವ ಪೈರೈಟ್ ಎಂಬ ಖನಿಜ, ತಗ್ಗು ಬಿದ್ದರೆ ಚಿನ್ನ ಎಂದಿರಿ. ತಗ್ಗು ಬಿತ್ತು. ಆ ಖುಷಿ ಹೇಳತೀರದು.

ಹಳೇ ಗಣಿಗುಂಡಿಗಳ ಹತ್ತಿರ ಹೋಗಬೇಡ, ಬೇರೆಯವರ ಹಕ್ಕಿನ ಜಾಗದಲ್ಲಿ ಅಗೆಯಬೇಡ ಎಂದೂ ಹೇಳಿದಿರಿ. ಹೊರಡುವ ಮುಂಚೆ ನನ್ನ ನೀರಿನ ಕ್ಯಾನ್ ಎತ್ತಿ ನೋಡಿ, ನಿಮ್ಮದರಿಂದ ತುಂಬಿಸಿದಿರಿ. ಚಿನ್ನಕ್ಕಿಂತ ಅದಕ್ಕೇ ನಾನು ನಿಮಗೆ ಜಾಸ್ತಿ ಋಣಿ.